ಕಾಣುವುದು ಬಿಳಿ

ಹಾಲಿನ ಲೆಕ್ಕ ಮುಗಿದ ನೂರು ಪುಟದ ಪುಸ್ತಕವನ್ನು
ತಲೆಕೆಳಗು ಮಾಡಿ ಹಿಂದಿನಿಂದ ಶುರುಮಾಡಿದ್ದು:
ಮೊಲದ ಲೆಕ್ಕ.
ತಾಯಿ: ಮೂರನೇ ಗೂಡಿನದು. ಬಿಳಿ. ಕೆಂಪು ಕಣ್ಣು.
ತಂದೆ: ಸುಂಟಿಕೊಪ್ಪದ ಫಿಲೋಮಿನಾ ಬಾಯಿ ಕೊಟ್ಟದ್ದು. ಬಿಳಿ. ನೀಲಿ ಕಣ್ಣು.
ಜೊತೆ ಬಿಟ್ಟದ್ದು: ಹೂಮಳೆ ಬಿದ್ದ ಮಾರನೆಯ ದಿನ.

ಮಡಿಕೇರಿಯ ಹೋಮ್‌ಸ್ಟೇಯವರು ಮುಂಗಡ ಕೊಟ್ಟಿದ್ದರು,
ಆರು ಮರಿ, ಎಲ್ಲವೂ ಬಿಳಿ ಇರಬೇಕು,
ಬಂದವರ ಮಕ್ಕಳು ಹುಲ್ಲಿನ ಮೇಲೆ ಫೋಟೋ ತೆಗೆಸಿಕೊಳ್ಳಲಿಕ್ಕೆ.
ಬಿಳಿಗೆ ಬಿಳಿ ಸೇರಿಸಿದರೆ ಇನ್ನೇನು ಬರುತ್ತದೆ ಅಂತ
ಆ ದುಡ್ಡಲ್ಲಿ ಗೂಡಿಗೆ ಹೊಸ ತಗಡು ಹಾಕಿಸಿದ್ದೆ.

ಮೂವತ್ತೊಂದನೇ ರಾತ್ರಿ ತಾಯಿ ತನ್ನೆದೆಯ ತುಪ್ಪಳ ಕಿತ್ತು ಹಾಸಿತು.
ಬೆಳಿಗ್ಗೆ ಅದರೊಳಗೆ ಏಳು ಜೀವ,
ಕಣ್ಣು ತೆರೆಯದ, ಕೂದಲಿಲ್ಲದ, ಬೆರಳುದ್ದದವು.
ಎಣಿಸಿ ಮುಚ್ಚಿದೆ.
ಮೂರನೇ ದಿನ ಟಾರ್ಚ್ ಹಿಡಿದರೆ
ಚರ್ಮದಡಿಯಲ್ಲಿ ಇದ್ದಲಿನ ನೆರಳು.
ಹತ್ತನೇ ದಿನಕ್ಕೆ ಸುಳ್ಳಿಗೆ ಜಾಗವೇ ಉಳಿಯಲಿಲ್ಲ:
ಐದು ಕಪ್ಪು, ಎರಡು ಒಣಹುಲ್ಲಿನ ಬಣ್ಣ,
ಒಂದರ ಮುಂಗಾಲಿಗೆ ಮಾತ್ರ ಬಿಳಿ ಕಾಲುಚೀಲ.
ಪೂರ್ತಿ ಬಿಳಿ? ಏಳರಲ್ಲಿ ಒಂದೂ ಇಲ್ಲ.

ಚೆಟ್ಟಳ್ಳಿ ತನಿಖೆಗೆ ಇಳಿಯಿತು.
ಲೈನ್ ಮನೆಯ ಸೆಲ್ವಿ ಹೇಳಿದಳು, ತೋಟದ ಕಾಡುಮೊಲ
ರಾತ್ರಿ ಬಂದಿರಬೇಕು, ತಾನೇ ಕಂಡಿದ್ದೇನೆ ಎರಡು ಸಲ.
ಚಿಲಕ ಮರೆತದ್ದಕ್ಕೆ ಬೋಪುವಿಗೆ ಬೈಗುಳ ಬಿತ್ತು.
ಅವನು ಮರೆತಿರಲಿಲ್ಲ.
ಫಿಲೋಮಿನಾ ಬಾಯಿ ಫೋನಿನಲ್ಲೇ ಆಣೆ ಹಾಕಿದಳು,
ತನ್ನ ಗಂಡುಮೊಲದ ಮೂರು ತಲೆಮಾರೂ ಬಿಳಿ.
ಮೂರನೇ ಗೂಡಿನದು ಯಾರಿಗೂ ಉತ್ತರ ಕೊಡದೆ
ಹಾಲುವಾಣದ ಸೊಪ್ಪು ಅಗಿಯುತ್ತಿತ್ತು.

ಅತ್ತೆ ಏನೂ ಅನ್ನಲಿಲ್ಲ.
ಅವರ ಅನ್ನದಿರುವಿಕೆ ನನಗೆ ಗೊತ್ತು:
ಹದಿನಾಲ್ಕು ವರ್ಷದ ಹಿಂದೆ, ವರ್ಷ ತುಂಬಿದರೂ
ದೇಚುವಿನ ಬೆಕ್ಕಿನ ಕಣ್ಣು ಕಪ್ಪಾಗದಿದ್ದಾಗ,
ತೊಟ್ಟಿಲ ಮೇಲೆ ಬಗ್ಗಿ, ಮಗನನ್ನು ನೋಡಿ, ನನ್ನನ್ನು ನೋಡಿ,
ಕಾಫಿ ಸೋಸಲು ಒಳಗೆ ಹೋಗಿದ್ದರು.

ಹಸುವಿಗೆ ಸೂಜಿ ಹಾಕಲು ಬಂದ ಕಾಂಪೌಂಡರ್ ಪಳಂಗಪ್ಪ
ಬಕೆಟ್ಟಿನಲ್ಲಿ ಮೊಣಕೈವರೆಗೆ ತೊಳೆದುಕೊಳ್ಳುತ್ತಾ ಹೇಳಿದರು:
“ಬಿಳಿ ಅನ್ನೋದು ಬಣ್ಣವಲ್ಲಮ್ಮ, ಬಣ್ಣದ ಮೇಲೆ ಹೊದ್ದ ಬಟ್ಟೆ.
ಇಬ್ಬರೂ ಒಂದೇ ಅಂಗಡಿಯ ತುಂಡು ಕೊಟ್ಟರೆ ಮರಿಗೆ ಮೈ ಮುಚ್ಚುತ್ತದೆ.
ಕೆಂಪು ಕಣ್ಣಿನದ್ದು ಒಂದಂಗಡಿ, ನೀಲಿ ಕಣ್ಣಿನದ್ದು ಇನ್ನೊಂದು.
ಎರಡು ಅರ್ಧ ಸೇರಿ ಒಂದಾಗಲಿಲ್ಲ, ಒಳಗಿದ್ದದ್ದು ಕಂಡಿತು.
ಕಾಡುಮೊಲವಾ? ಬಂದರೂ ಮರಿಯಾಗುವುದಿಲ್ಲ, ಅದರ ಜಾತಿಯೇ ಬೇರೆ.”
ಆಚೆ ತೋಟದಲ್ಲಿ ಹೂ ಉದುರಿ ಕಾಯಿ ಕಚ್ಚುತ್ತಿತ್ತು.
ಬಿಳಿ ಹೂವಿಗೆ ಕೆಂಪು ಹಣ್ಣಾದರೆ
ಯಾರೂ ಗಿಡವನ್ನು ನಿಲ್ಲಿಸಿ ಕೇಳುವುದಿಲ್ಲ.

ಸಂಜೆ ಅತ್ತೆ ಗೂಡಿನ ಹತ್ತಿರ ಬಂದರು.
ಕಾಲುಚೀಲದ ಮರಿಯನ್ನು ಮಡಿಲಿಗೆ ಎತ್ತಿಕೊಂಡು
“ಈ ಬಿಳಿ ಯಾರದು?”
“ಅಪ್ಪನದು.”
“ಅಪ್ಪ ಪೂರ್ತಿ ಬಿಳಿಯಲ್ಲವಾ?”
“ಇವನಿಗೆ ಬಂದದ್ದು ಅಷ್ಟೇ.”
ಬಹಳ ಹೊತ್ತು ಅದರ ಕಿವಿ ನೀವಿದರು.
ಆಮೇಲೆ, ಮರಿಗೇ ಹೇಳುವಂತೆ:
“ನಮ್ಮವ್ವನ ತಮ್ಮನೊಬ್ಬನಿದ್ದ.
ಬಿಸಿಲಿಗೆ ನಿಂತರೆ ಅವನ ಕಣ್ಣು ಜೇನಿನ ಬಣ್ಣ.
ಮರೆತೇಬಿಟ್ಟಿದ್ದೆ.”

ಮರೆತಿದ್ದರೋ ಇಲ್ಲವೋ. ನಾನು ಕೇಳಲಿಲ್ಲ.
ಸೊಪ್ಪು ಕತ್ತರಿಸುತ್ತಿದ್ದೆ, ಕತ್ತಿ ಹರಿತವಿತ್ತು.

ಮುಂಗಡ ಹಿಂದಿರುಗಿಸಬೇಕು, ತಗಡನ್ನು ಹಿಂದಿರುಗಿಸಲಾಗದು.
ದೇಚು ಏಳಕ್ಕೂ ಹೆಸರಿಟ್ಟಾಗಿದೆ,
ಇನ್ನು ಮಾರುವ ಮಾತೇ ಇಲ್ಲ.
ರಾತ್ರಿ ಪುಸ್ತಕ ತೆರೆದು, ಹಿಂದಿನಿಂದ ಮೊದಲನೇ ಪುಟ,
ತಾಯಿಯ ಎದುರು ಒಂದು, ತಂದೆಯ ಎದುರು ಒಂದು,
ಎರಡೂ ‘ಬಿಳಿ’ಗೆ ಗೀಟು ಹಾಕಿ
ಪಕ್ಕದಲ್ಲಿ ಬರೆದೆ:
ಕಾಣುವುದು ಬಿಳಿ.